ನಾರ್ಮಂಡಿ ಆಕಳಿನ ಗಿಣ್ಣು

ಡಾಕ್ಟರ್ ವೇಣುಗೋಪಾಲ ಲಂಡನ್ನಿನ ಹ್ಯಾರೋದ ತಮ್ಮ ಮನೆಯ ಸೋಫಾದ ಮೇಲೆ ಕೂತು ಮಾಡಿದ ಪ್ರತಿಜ್ಞೆ ಭೀಷ್ಮನದಕ್ಕಿಂತ ಒಂದು ಗುಂಜಿ ಹೆಚ್ಚೇ ತೂಗುತ್ತಿತ್ತು. ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಕೆಲಸದಿಂದ ನಿವೃತ್ತರಾಗಿ ಒಂದು ತಿಂಗಳಾಗಿತ್ತು. ಇನ್ನು ಹನ್ನೆರಡು ದಿನ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಆರಾಮಾಗಿ ಕಾರು ಓಡಿಸುವುದು, ರೈತರ ಮನೆಗಳಲ್ಲೇ ತಂಗುವುದು ಎಂದು ನಿಶ್ಚಯವಾಗಿತ್ತು.

"ಬರೂ ಮುಂದ ಖರೇ ಖರೇ ಗಿಣ್ಣ ತರ್ತೀನಿ. ತಿಂದು ನಲವತ್ತು ವರ್ಷ ಆತು. ಮುಂದಿನ ತಿಂಗಳ ಮೊದಲನೇ ಭಾನುವಾರ ಎಲ್ಲಾರಿಗೂ ನಮ್ಮನ್ಯಾಗ ಗಿಣ್ಣ ಅಂತ ನಮ್ಮ ಕನ್ನಡದವರ ಗ್ರೂಪಿನ್ಯಾಗ ಹಾಕಿಬಿಟ್ಟೀನಿ."

"ಆಕಳು ನಿಮ್ಮ ಬುಕಿಂಗ್ ನೋಡಿಕೊಂಡು ಈಯ್ತದೇನ್ರೀ?" ಎಂದರು ಹೆಂಡತಿ ವತ್ಸಲಾ.

ಡಾಕ್ಟರರ ನಾಲಿಗೆಗೆ ಬೇಕಾದದ್ದು ಬರೀ ಸಿಹಿಯಲ್ಲ. ಧಾರವಾಡದ ಮನೆಯಲ್ಲಿ ಆಕಳು ಈದರೆ ಅವ್ವ ಮೊದಲು ತಂಬಿಗೆ ತುಂಬಿ ಇವರ ಕೈಗೆ ಕೊಡುತ್ತಿದ್ದಳು. ಓಣಿಗೆಲ್ಲ ಹಂಚಿ ಬರುವ ತನಕ ಮನೆಯವರು ಯಾರೂ ಗಿಣ್ಣು ಬಾಯಿಗಿಡುವಂತಿರಲಿಲ್ಲ. ಓಡೋಡಿ ಹಂಚಿ ಬಂದ ಮಗನಿಗೆ ಪಾತ್ರೆಯ ತಳದ ಬೆಲ್ಲ ಇಳಿದ ತುಂಡು ಮೀಸಲು. ಅವ್ವ ಹೋಗಿ ಹದಿನೆಂಟು ವರ್ಷವಾದರೂ ಮನೆಯಲ್ಲಿ ಯಾವ ಸಿಹಿ ಮಾಡಿದರೂ ಡಾಕ್ಟರರು ಇವತ್ತಿಗೂ ಪಾತ್ರೆಯ ತಳ ಕೆರೆದು ನೋಡುತ್ತಿದ್ದರು.

ಪ್ರವಾಸ ಹೊರಟಿತು. ಡಾಕ್ಟರರ ನಿಧಾನ ಎಂಥದ್ದೆಂದರೆ ಹಿಂದೆ ಬಂದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಮುಂದೆ ಹೋದವು. ಪ್ರತಿ ಬಿಡಾರದಲ್ಲೂ ಇಳಿದ ತಕ್ಷಣ ಅವರು ಕೊಟ್ಟಿಗೆಗೆ ಹೋಗಿ ಗಬ್ಬದ ಆಕಳನ್ನು ಹುಡುಕಿದರು. ಒಂದು ಕಡೆ ಬರೀ ಕುರಿ, ಇನ್ನೊಂದು ಕಡೆ ಬರೀ ದ್ರಾಕ್ಷಿ. ಕೊನೆಯ ಬಿಡಾರ ನಾರ್ಮಂಡಿಯದು. ಅಲ್ಲಿ, ದೇವರು ದೊಡ್ಡವನು, ಹೊರಡಲು ಎರಡು ದಿನವಿರುವಾಗ ಒಂದು ಕಂದು ಆಕಳು ಈದಿತು.

ಗಿಣ್ಣಿಗೆ ಫ್ರೆಂಚಿನಲ್ಲಿ ಏನೆನ್ನುತ್ತಾರೆ? ಡಾಕ್ಟರರು ವೈದ್ಯಕೀಯ ಭಾಷೆಯಲ್ಲೇ "ಕೊಲಸ್ಟ್ರಮ್, ಪ್ಲೀಸ್" ಎಂದರು. ಅದನ್ನು ಕೊಲೆಸ್ಟರಾಲ್ ಎಂದು ಕೇಳಿಸಿಕೊಂಡ ತೋಟದೊಡತಿ ಸೊಲಾಂಜ್ ಗಾಬರಿಯಿಂದ ಇವರ ಹೊಟ್ಟೆಯನ್ನೊಮ್ಮೆ ನೋಡಿ ಏನು ಕಾಯಿಲೆ ಎಂದು ಕೇಳಿದಳು. ವತ್ಸಲಾ ಹ್ಯಾರೋದಿಂದ ತಂದಿದ್ದ ಬೆಲ್ಲ, ಏಲಕ್ಕಿ ತೋರಿಸಿ ಅಡುಗೆಯ ಅಭಿನಯ ಮಾಡಿದ ಮೇಲೆ, ಕರು ಕುಡಿದು ಉಳಿದ ನಾಲ್ಕು ಲೀಟರು ಹಾಲು ಸಿಕ್ಕಿತು. ವತ್ಸಲಾ ಅಲ್ಲೇ ಹಬೆಯಲ್ಲಿ ಬೇಯಿಸಿ ಆರು ಡಬ್ಬಿ ತುಂಬಿದರು.

"ಒಂದು ತುಂಡು ರುಚಿ ನೋಡ್ರಿ," ಎಂದರು ವತ್ಸಲಾ.

"ಹಂಚದ ತಿನ್ನಂಗಿಲ್ಲ. ಅವ್ವನ ಆರ್ಡರ್."

ಕ್ಯಾಲೆ ಬಂದರಿನಲ್ಲಿ ಇಂಗ್ಲೆಂಡಿನ ಹಡಗಿಗಾಗಿ ಕಾರುಗಳ ಸಾಲು ನಿಂತಿತ್ತು. ವತ್ಸಲಾ ಒಂದು ಫಲಕವನ್ನು ಎರಡು ಸಲ ಓದಿ, "ರೀ, ಹಾಲಿನ ಪದಾರ್ಥ ಇಂಗ್ಲೆಂಡಿಗೆ ಒಯ್ಯಂಗಿಲ್ಲಂತ," ಎಂದರು.

"ಇದು ಹಾಲಲ್ಲ, ಗಿಣ್ಣ."

"ಅದನ್ನ ಆ ಆಫೀಸರ್‌ಗೆ ಹೇಳಿ ಬರ್ರಿ."

ಹೋದರು. ಮೂವತ್ತೆರಡು ವರ್ಷದ ಸರ್ಕಾರಿ ಆಸ್ಪತ್ರೆ ಸೇವೆಯಿಂದ ಹಿಡಿದು ಅವ್ವನ ತಂಬಿಗೆಯ ತನಕ ಎಲ್ಲ ಹೇಳಿದರು. ಆಫೀಸರ್ ಬಹಳ ಮರ್ಯಾದೆಯಿಂದ ಕಸದ ಡಬ್ಬಿ ತೋರಿಸಿದ.

ಗಿಣ್ಣು ಕಸಕ್ಕೆ ಹಾಕುವುದೇ? ಅವ್ವ ಕನಸಿನಲ್ಲಿ ಬಂದು ಕಿವಿ ಹಿಂಡಿಯಾಳು. ಅರವತ್ತಾರರ ಡಾಕ್ಟರ್ ವೇಣುಗೋಪಾಲ ಡಬ್ಬಿ ಹಿಡಿದು ಕಾರಿನಿಂದ ಕಾರಿಗೆ ನಡೆದರು. ಲಾರಿ ಡ್ರೈವರುಗಳು, ಸೈಕಲ್ ಸವಾರರು, ಒಂದು ಬಸ್ಸಿನ ತುಂಬ ಶಾಲೆಯ ಮಕ್ಕಳು, ಎಲ್ಲರ ಕೈಗೂ ಒಂದೊಂದು ತುಂಡು ಬಿತ್ತು. ನಡುವೆ ಎಲ್ಲೋ ಅವರು ಹತ್ತು ವರ್ಷದ ಹುಡುಗನಾಗಿ ಓಣಿಯಲ್ಲಿ ಓಡುತ್ತಿದ್ದರು. ಖುಷಿಯಿಂದ ವಾಪಸು ಬಂದು ನೋಡಿದರೆ ಆರೂ ಡಬ್ಬಿ ಖಾಲಿ. ತಮಗೆ ಚೂರೂ ಉಳಿದಿರಲಿಲ್ಲ.

ಭಾನುವಾರ ಎಂಟು ಸಂಸಾರಗಳು ಬಂದವು. ಲಂಡನ್ನಿನ ಇನ್ನೊಂದು ತುದಿಯ ಸಟನ್‌ನಿಂದ ಎರಡು ರೈಲು ಬದಲಿಸಿ ಬಂದ ನಿಜಲಿಂಗಪ್ಪನವರು ಗಿಣ್ಣಿಗಾಗಿ ನಾಷ್ಟಾ ಬಿಟ್ಟಿದ್ದರು.

"ನನಗ ಜ್ವರ ಬಂದದ ಅಂತ ಹೇಳಿಬಿಡು," ಎಂದು ಡಾಕ್ಟರರು ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದರು.

"ಸುಮ್ನ ಹೋಗಿ ಕೂಡ್ರಿ," ಎಂದು ವತ್ಸಲಾ ದೊಡ್ಡ ತಾಟಿನ ತುಂಬ ಗಿಣ್ಣು ತಂದರು.

ಡಾಕ್ಟರರು ಓಡಿ ಹೋಗಿ ಕಿಟಕಿಯ ಪರದೆ ಎಳೆದರು. "ಮುಚ್ಚಿಟ್ಟು ತಂದಿಯೇನ? ಕಾನೂನು, ವತ್ಸಲಾ!"

"ಮೊದಲ ತಿನ್ರಿ."

ತಿಂದರು. ಅದೇ ನುಣುಪು, ಅದೇ ಏಲಕ್ಕಿ, ತಳದಲ್ಲಿ ಅದೇ ಬೆಲ್ಲ. ಕಣ್ಣು ತುಂಬಿ ಬಂತು. ಕಾನೂನು ಮರೆತೇಹೋಗಿ ಡಾಕ್ಟರರು ಎದ್ದು ನಿಂತರು. "ನೋಡ್ರಿ, ಇದು ನಾರ್ಮಂಡಿ ಹುಲ್ಲಿನ ಗುಣ. ನಮ್ಮವ್ವನ ಕೈರುಚಿ ಹಂಗ ಬಂದದ. ಇಂಥಾದ್ದು ಈ ಲಂಡನ್‌ನ್ಯಾಗ ಸಾಯೋತನಕ ಹುಡುಕಿದ್ರೂ ಸಿಗಂಗಿಲ್ಲ!"

ಚಪ್ಪಾಳೆ ಬಿದ್ದವು. ಇನ್ನೊಂದು ತುಂಡಿಗೆಂದು ಅಡುಗೆಮನೆಗೆ ಹೋದ ನಿಜಲಿಂಗಪ್ಪನವರು ಕೈಯಲ್ಲಿ ಖಾಲಿ ಪೊಟ್ಟಣ ಹಿಡಿದು ಬಂದರು. "ಡಾಕ್ಟರ್ ಸಾಹೇಬ್ರ, ಇದರ ಮ್ಯಾಲ ಗಿಣ್ಣಿನ ಪುಡಿ ಅಂತ ಬರದದಲ್ರೀ?"

ಎಲ್ಲರೂ ವತ್ಸಲಾ ಕಡೆ ತಿರುಗಿದರು.

"ಹೌದ್ರಿ, ನಮ್ಮ ಓಣಿ ಮೂಲಿಯ ಇಂಡಿಯನ್ ಅಂಗಡಿದು. ಎಂಟು ವರ್ಷದಿಂದ ಬಾಗಿಲ ಎದುರಿನ ಶೆಲ್ಫ್‌ನ್ಯಾಗ ಅದ. ಇವರು ಪ್ರತಿ ಶನಿವಾರ ಹೊರಗ ಕಾರಿನ್ಯಾಗ ಕೂತು, ತಡ ಆತು ಅಂತ ಹಾರ್ನ್ ಹೊಡೀತಿರ್ತಾರ. ಒಂದು ಸಲ ಒಳಗ ಬಂದು ಚೀಲ ಹಿಡದಿದ್ರ, ಅವರವ್ವ ಅಲ್ಲೇ ಸಿಗ್ತಿದ್ರು."

ಡಾಕ್ಟರರು ಮೆಲ್ಲಗೆ ಕೂತು ಖಾಲಿ ಬಟ್ಟಲನ್ನು ಮುಂದೆ ಚಾಚಿದರು.

"ತಳದ ತುಂಡು ಇದ್ರ ಹಾಕು."