ಎವಾಲ್ಡ್ ಬಾಕಿ ಉಳಿಸಿದ ಎಂಟನೆಯ ಪಾಠ

ಸತ್ತು ಮಣ್ಣಾದ ಮನುಷ್ಯನೊಬ್ಬ ತನ್ನ ಬಟ್ಟೆ ಒಗೆಯುವ ಸರದಿಯನ್ನು ಕದಿಯುತ್ತಿದ್ದಾನೆ ಎಂಬುದು ಹೆಲ್ಗೆಯ ದೂರು. ಇದನ್ನು ಯಾರ ಬಳಿ ಹೇಳಿಕೊಳ್ಳುವುದು? ಇಂಥ ದೂರುಗಳನ್ನೆಲ್ಲ ಅವನು ಇಷ್ಟು ಕಾಲ ಹೇಳಿಕೊಳ್ಳುತ್ತಿದ್ದದ್ದು ಆ ಸತ್ತವನ ಬಳಿಯೇ.

ಎಸ್ಕಿಲ್ಸ್‌ತೂನಾ ಪಟ್ಟಣದ ಆ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆಗಳು, ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಒಗೆಯುವ ಕೋಣೆ. ಅಲ್ಲಿ ಸರದಿಯೆಂದರೆ ಪಿತ್ರಾರ್ಜಿತ ಆಸ್ತಿಗಿಂತ ಒಂದು ಕೈ ಮೇಲು. (ಎರಡನೆಯ ಮಹಡಿಯ ದಂಪತಿಗಳು ಬೇರೆಯಾದಾಗ ನಾಯಿ ಯಾರಿಗೆಂಬುದು ಒಂದೇ ದಿನದಲ್ಲಿ ತೀರ್ಮಾನವಾಯಿತು, ಶನಿವಾರದ ಸರದಿಗೆ ವಕೀಲರು ಬರಬೇಕಾಯಿತು.) ಸರದಿ ಹಿಡಿಯುವವರು ತಮ್ಮ ಹೊತ್ತಿನ ತೂತಿಗೆ ಬೀಗ ಸಿಕ್ಕಿಸುವ ಗೋಡೆಯ ಮರದ ಹಲಗೆಯಲ್ಲಿ ಮೂವತ್ತೊಂದು ವರ್ಷಗಳ ಕಾಲ, ಗುರುವಾರ ಹನ್ನೆರಡರಿಂದ ಮೂರರ ತೂತಿನಲ್ಲಿ ಹೆಲ್ಗೆಯ ಪುಟ್ಟ ಬೀಗ, ಮೂರರಿಂದ ಆರರ ತೂತಿನಲ್ಲಿ ಎವಾಲ್ಡನ ಬೀಗ ಅಕ್ಕಪಕ್ಕ ಕೂತಿದ್ದವು. ಹೆಲ್ಗೆ ಅಂಚೆ ವಿಂಗಡಣೆಯ ಮೇಲ್ವಿಚಾರಕನಾಗಿ ನಿವೃತ್ತನಾದವನು; ಲೋಕದ ಪ್ರತಿಯೊಂದು ವಸ್ತುವಿಗೂ ಒಂದು ಗೂಡು ಇದೆ ಎಂದು ನಂಬಿದವನು. ಎವಾಲ್ಡ್ ಚಾಕು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಹೆಂಡತಿ ಹೋದಮೇಲೆ ಮೂರನೆಯ ಮಹಡಿಯಲ್ಲಿ ಒಬ್ಬನೇ ಇದ್ದ. ಒಬ್ಬನ ಬಟ್ಟೆ ಒಣಗುವಾಗ ಇನ್ನೊಬ್ಬನ ಬಟ್ಟೆ ನೆನೆಯುತ್ತಿತ್ತು. ನಡುವೆ, ಬಟ್ಟೆ ಮಡಚುವ ಮೇಜಿನ ಮೇಲೆ, ಫ್ಲಾಸ್ಕಿನ ಕಾಫಿ ಮತ್ತು ದಾಲ್ಚಿನ್ನಿ ಬನ್ನು.

ಅದೇ ಮೇಜಿನ ಮೇಲೆ ಕಟ್ಟಡದ ಸಮಗ್ರ ಚೀಟಿ ಸಾಹಿತ್ಯವೂ ರಚನೆಯಾಗುತ್ತಿತ್ತು. ಯಾರೋ ಒಬ್ಬರು ಬಟ್ಟೆ ಒಣಗಿಸುವ ಡ್ರೈಯರಿನ ಜಾಲರಿಯಲ್ಲಿ ಕೂತ ನೂಲಿನ ಜುಂಗನ್ನು ತೆಗೆಯದೆ ಹಾಗೇ ಹೋಗುತ್ತಿದ್ದರು. ಹೆಲ್ಗೆ ಬರೆಯುತ್ತಿದ್ದ: “ಆತ್ಮೀಯ ನೆರೆಹೊರೆಯವರೇ! ಜಾಲರಿ ತಾನಾಗಿಯೇ ಶುದ್ಧವಾಗುವುದಿಲ್ಲ. ನಿಮ್ಮ ಅಮ್ಮ ಈ ಕಟ್ಟಡದಲ್ಲಿ ವಾಸವಾಗಿಲ್ಲ. ನಾಚಿಕೆಯಾಗಬೇಕು!” ಎವಾಲ್ಡ್ ಹಲ್ಲಿನಿಂದ ಟೇಪು ಕತ್ತರಿಸಿ ಕೊಡುತ್ತಿದ್ದ.

“ಯಾರಿರಬಹುದು ಆ ಕತ್ತೆ?” ಎನ್ನುತ್ತಿದ್ದ ಎವಾಲ್ಡ್. “ನಾಚಿಕೆ ಅನ್ನೋದರ ಕೆಳಗೆ ಇನ್ನೊಂದು ಗೆರೆ ಎಳಿ. ಒಂದೇ ಗೆರೆ ಆದ್ರೆ ಅಂಥವರಿಗೆ ನಾಟಲ್ಲ.”

ಈ ವರ್ಷ ಈಸ್ಟರ್ ಕಳೆದ ಮೇಲೆ ನಿವಾಸಿಗಳ ಸಂಘದವರು ಮರದ ಹಲಗೆಯನ್ನು ಕಿತ್ತು ಅಲ್ಲೊಂದು ಹೊಳೆಯುವ ಪರದೆ ಕೂರಿಸಿದರು. ಇನ್ನು ಮುಂದೆ ಸರದಿಯನ್ನು ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ಹಿಡಿಯಬೇಕು. ಪ್ರತಿ ಮನೆಗೂ ಗುಪ್ತಸಂಖ್ಯೆ ಇದ್ದ ಒಂದು ಲಕೋಟೆ ಬಂತು. ಹೆಲ್ಗೆ ಅದನ್ನು ತೆರೆಯಲೇ ಇಲ್ಲ. ಸರ್ಕಾರವನ್ನೂ ಸಂಘವನ್ನೂ ಸಮಾನವಾಗಿ ಬೈದು, ಲಕೋಟೆಯನ್ನು ಹೆಂಡತಿ ಮಾಯ್‌ಲಿಸ್‌ಳ ಕಡೆ ತಳ್ಳಿ, ಎವಾಲ್ಡನ ಶಿಷ್ಯತ್ವ ಸ್ವೀಕರಿಸಿದ.

“ನೋಡು ಹೆಲ್ಗೆ,” ಎಂದು ಎವಾಲ್ಡ್ ತನ್ನ ಟ್ಯಾಬನ್ನು ಬನ್ನಿನ ಪಕ್ಕದಲ್ಲಿಟ್ಟ. “ಕಂಪ್ಯೂಟರ್ ಅಂದ್ರೆ ಒಗೆಯೋ ಮೆಷಿನ್ನೇ. ಕೊಳೆ ಬಟ್ಟೆ ಹಾಕ್ತೀಯಲ್ಲ, ಅದು ಇನ್‌ಪುಟ್. ಒಳಗೆ ಗಿರಗಿರ ತಿರುಗುತ್ತಲ್ಲ, ಅದು ಪ್ರೊಸೆಸರ್. ಹೊರಗೆ ಬರೋದು ಔಟ್‌ಪುಟ್.”

“ಮಾಯ್‌ಲಿಸ್ ಕೆಂಪು ಕಾಲುಚೀಲ ಹಾಕಿದಾಗ ನನ್ನ ಅಂಗಿಯೆಲ್ಲ ಗುಲಾಬಿ ಆಯ್ತಲ್ಲ, ಅದು?”

“ಅದು ಮೆಷಿನ್ನಿನ ತಪ್ಪಲ್ಲ, ಹಾಕಿದವರ ತಪ್ಪು. ಕಂಪ್ಯೂಟರ್‌ನಲ್ಲಿ ಆಗೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ಆ ಜಾತಿಯವೇ. ಬರ್ಕೋ.”

ಹೆಲ್ಗೆ ಚೌಕುಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮೆಮೊರಿ ಎಂದರೆ ಈ ಮಡಚುವ ಮೇಜು: ಕೆಲಸ ನಡೆಯುವಾಗ ಎಲ್ಲವೂ ಇದರ ಮೇಲೆ, ಸರದಿ ಮುಗಿದರೆ ಖಾಲಿ. ಹಾರ್ಡ್ ಡಿಸ್ಕ್ ಎಂದರೆ ಮನೆಯ ಬೀರು: ಅಲ್ಲಿಟ್ಟದ್ದು ಅಲ್ಲೇ ಇರುತ್ತದೆ. ಸಾಫ್ಟ್‌ವೇರ್ ಎಂದರೆ ಮೆಷಿನ್ನಿನ ಗುಂಡಿ: ಉಣ್ಣೆಗೆ ಮೂವತ್ತು ಡಿಗ್ರಿ, ಹತ್ತಿಗೆ ಅರವತ್ತು. ಏಳು ಪಾಠಗಳಿಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಹಿಡಿಯಿತು, ಯಾಕೆಂದರೆ ಪ್ರತಿ ಪಾಠವೂ ಎರಡನೆಯ ಬನ್ನಿಗೆ ಬರುವಷ್ಟರಲ್ಲಿ ಜಾಲರಿಯ ಕತ್ತೆಯ ಕಡೆ ಹೊರಳಿಬಿಡುತ್ತಿತ್ತು. ಪ್ರತಿ ಗುರುವಾರ ಪಾಠದ ಕೊನೆಗೆ ಎವಾಲ್ಡ್ ಅವನ ಬೆರಳು ಹಿಡಿದು ಇಬ್ಬರ ಸರದಿಯನ್ನೂ ಒತ್ತಿಸುತ್ತಿದ್ದ.

ಏಳನೆಯ ಪಾಠ ಮುಗಿದ ದಿನ ಎವಾಲ್ಡ್, “ಈ ಟ್ಯಾಬು ನೀನೇ ಇಟ್ಕೋ. ನನಗೆ ಫೋನು ಸಾಕು. ಇನ್ನು ಉಳಿದಿರೋದು ಹೊರಗೆ ಬರೋದು ಹೇಗೆ ಅಂತ. ಸಣ್ಣ ಪಾಠ. ಮುಂದಿನ ಗುರುವಾರ ಮಾಡೋಣ,” ಎಂದ. ಹೆಲ್ಗೆ ಬರೆದುಕೊಂಡ: “ಪಾಠ ಎಂಟು. ಹೊರಗೆ ಬರುವುದು. ಮುಂದಿನ ಗುರುವಾರ.”

ಮುಂದಿನ ಗುರುವಾರ ಎವಾಲ್ಡ್ ಆಸ್ಪತ್ರೆಯಲ್ಲಿದ್ದ. ಅದಾಗಿ ನಾಲ್ಕನೆಯ ಗುರುವಾರ ಎವಾಲ್ಡೇ ಇರಲಿಲ್ಲ.

ಮಣ್ಣು ಮಾಡಿ ಬಂದ ವಾರ ಹೆಲ್ಗೆ ಟ್ಯಾಬಿನಲ್ಲಿ ಗುರುವಾರ ಹನ್ನೆರಡನ್ನು ಒತ್ತಿ, ಬುಟ್ಟಿ ಹೊತ್ತು ಕೆಳಗೆ ಇಳಿದ. ಗೋಡೆಯ ಪರದೆಯನ್ನು ಅವನು ಅಲ್ಲಿಯತನಕ ಒಮ್ಮೆಯೂ ದಿಟ್ಟಿಸಿ ನೋಡಿರಲಿಲ್ಲ. ಗುರುವಾರ ತನ್ನದು ಎಂದು ತಿಳಿಯಲು ಪರದೆ ಯಾಕೆ? ಆ ದಿನ ನೋಡಿದ. ಮೂರು ಗಂಟೆಯ ಗೂಡು ಖಾಲಿಯಿದ್ದರೆ ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು. ಮೂರು ಗಂಟೆಯದು ಖಾಲಿಯೇ ಇತ್ತು. ಹನ್ನೆರಡರದ್ದರಲ್ಲಿ ಹಸಿರು ಅಕ್ಷರ ಮಿನುಗುತ್ತಿತ್ತು: “ಎವಾಲ್ಡ್, ಮೂರನೆಯ ಮಹಡಿ.”

ಬುಟ್ಟಿಯ ಸಮೇತ ಹತ್ತಿ ಬಂದ ಗಂಡನನ್ನು ಕಂಡು ಮಾಯ್‌ಲಿಸ್ ಹೆಣಿಗೆ ನಿಲ್ಲಿಸಿದಳು.

“ಏನಾಯ್ತು?”

“ಎವಾಲ್ಡ್ ಒಗೀತಿದ್ದಾನೆ.”

“ಹೆಲ್ಗೆ, ಸ್ವಲ್ಪ ಕೂತ್ಕೋ.”

“ತಲೆ ಸರಿಯಾಗೇ ಇದೆ. ಯಾರೋ ಅವನ ಹೆಸರಲ್ಲಿ ನನ್ನ ಹೊತ್ತು ಹಿಡಿದಿದ್ದಾರೆ.”

“ಮೆಷಿನ್ನು ಖಾಲಿ ಇತ್ತಲ್ಲ? ಒಗೆದು ಬರಬೇಕಿತ್ತು.”

“ಇನ್ನೊಬ್ಬರ ಸರದೀಲಿ? ಬಾಗಿಲ ಮೇಲೆ ಹನ್ನೊಂದು ಚೀಟಿ ಅಂಟಿಸಿದವನು ನಾನು!”

ಮರುವಾರ ಉಪಾಯ ಮಾಡಿ ಮಂಗಳವಾರಕ್ಕೆ ಒತ್ತಿದ. ಕೆಳಗೆ ಹೋಗಿ ನೋಡಿದರೆ ಮಂಗಳವಾರವೂ ಎವಾಲ್ಡ್. ಅದರ ಮುಂದಿನ ವಾರ, ಬದುಕಿದ್ದವರು ಯಾರೂ ಮುಟ್ಟದ ಶನಿವಾರ ಬೆಳಗಿನ ಆರು ಗಂಟೆಯನ್ನು ಹಿಡಿದ. ಎವಾಲ್ಡ್!

“ಇದು ಅವನಲ್ಲವೇ ಅಲ್ಲ!” ಎಂದು ಹೆಲ್ಗೆ ಅಡುಗೆಮನೆಯ ಮೇಜು ಗುದ್ದಿದ. “ಶನಿವಾರ ಒಂಬತ್ತಕ್ಕೆ ಮುಂಚೆ ಅವನು ಜನ್ಮದಲ್ಲಿ ಎದ್ದವನಲ್ಲ.”

“ಸತ್ತಮೇಲೆ ಅಭ್ಯಾಸ ಸುಧಾರಿಸಿರಬಹುದು,” ಎಂದಳು ಮಾಯ್‌ಲಿಸ್, ಅವನ ಅಂಗಿಗೆ ಇಸ್ತ್ರಿ ಹಾಕುತ್ತ.

ಹೆಲ್ಗೆ ಯಾರಿಗೂ ಹೇಳದ ಸಂಗತಿಯೊಂದಿತ್ತು. ಆ ಹೆಸರು ಮಿನುಗಿದಾಗಲೆಲ್ಲ, ಸಿಟ್ಟು ಬರುವುದಕ್ಕೆ ಒಂದು ಕ್ಷಣ ಮುಂಚೆ, ‘ಅಯ್ಯೋ ತಡವಾಯಿತು, ಎವಾಲ್ಡ್ ಆಗಲೇ ಫ್ಲಾಸ್ಕು ಇಟ್ಟುಕೊಂಡು ಕಾಯುತ್ತಿದ್ದಾನೆ’ ಎಂದು ಕಾಲು ಬೇಗ ಬೇಗ ಸಾಗುತ್ತಿತ್ತು. ಆ ಒಂದು ಕ್ಷಣಕ್ಕಾಗಿಯೇ ಅವನಿಗೆ ಆ ಕಳ್ಳನ ಮೇಲೆ ಅಷ್ಟು ಸಿಟ್ಟು. ಸ್ನೇಹಿತನ ಹೆಸರನ್ನು ಗೂಟಕ್ಕೆ ನೇತುಹಾಕಿದ ಕೋಟಿನಂತೆ ಯಾವನೋ ತೊಟ್ಟು ತಿರುಗುತ್ತಿದ್ದಾನೆ. ಅದನ್ನು ಕಳಚಿಸಲೇಬೇಕು.

ಸಂಶೋಧನೆ ಶುರುವಾಯಿತು. ನೋಟ್‌ಬುಕ್ ತಿರುವಿ ಹಾಕಿ, ಮೊದಲ ಸಿದ್ಧಾಂತ ಮಂಡಿಸಿದ: ಪರದೆಯ ಮೆಮೊರಿಯನ್ನು ಯಾರೂ ಖಾಲಿ ಮಾಡಿಲ್ಲ, ಹಳೆಯ ಹೆಸರು ಮೇಜಿನ ಮೇಲೇ ಉಳಿದಿದೆ, ಕರೆಂಟು ತೆಗೆದರೆ ಹೋಗುತ್ತದೆ. ನೆಲಮಾಳಿಗೆಯ ಫ್ಯೂಸುಗಳನ್ನೆಲ್ಲ ತೆಗೆದ. ಹೋದದ್ದು ಪರದೆಯ ಹೆಸರಲ್ಲ, ಒಳಗಿದ್ದ ಮೂರು ಮೆಷಿನ್ನುಗಳ ಪ್ರಾಣ. ಸಂಘದ ಅಧ್ಯಕ್ಷೆ ಗುನ್‌ಹಿಲ್ಡ್ ಟಾರ್ಚು ಹಿಡಿದು ಬಂದಳು. (ಶಾಲೆಯಲ್ಲಿ ನರ್ಸ್ ಆಗಿದ್ದವಳು, ಎದುರಿಗೆ ಯಾರು ನಿಂತರೂ ತಲೆಯಲ್ಲಿ ಹೇನಿದೆಯೇ ಎಂಬಂತೆ ನೋಡುತ್ತಾಳೆ.)

“ಹೆಲ್ಗೆ, ನನ್ನ ಹೊದಿಕೆ ಒಂದು ಗಂಟೆಯಿಂದ ಬೀಗ ಬಿದ್ದ ಮೆಷಿನ್ನಲ್ಲಿ, ನೀರಲ್ಲಿ ಕೂತಿದೆ.”

“ಮೆಮೊರಿ ಖಾಲಿ ಮಾಡ್ತಾ ಇದೀನಿ.”

“ನಿಂದಾ?”

ಎರಡನೆಯ ಸಿದ್ಧಾಂತ ವೈರಸ್. ಆದರೆ ಅದನ್ನು ಹೇಗೆ ಹಿಡಿಯುವುದೆಂದು ನೋಟ್‌ಬುಕ್ಕಿನಲ್ಲಿ ಇರಲಿಲ್ಲವಾದ್ದರಿಂದ ಪರದೆಯನ್ನು ವಿನೆಗರ್ ಹಾಕಿ ಒರೆಸಿದ. ಐದು ವಾರ ಹೀಗೇ ಕಳೆಯಿತು. ದಿನಾ ಬೆಳಿಗ್ಗೆ ಒಗೆದು ಮಡಚಿಟ್ಟ ಅಂಗಿಯನ್ನು ತೊಟ್ಟುಕೊಂಡು, ಒಗೆಯಲು ದಾರಿಯಿಲ್ಲದ ತನ್ನ ದುರವಸ್ಥೆಯನ್ನು ಕುರಿತು ಹೆಲ್ಗೆ ಚಿಂತಿಸುತ್ತಿದ್ದ.

ಕೊನೆಗೆ ಹನ್ನೆರಡನೆಯ ಚೀಟಿ ಬರೆದ, ತನ್ನ ಸಾಹಿತ್ಯ ಜೀವನದ ಶಿಖರ: “ನನ್ನ ದಿವಂಗತ ಮಿತ್ರನ ಹೆಸರಿನಲ್ಲಿ ಸರದಿ ಹಿಡಿಯುತ್ತಿರುವ ನೀಚನೇ, ನಿನ್ನನ್ನು ಬಯಲಿಗೆಳೆಯುತ್ತೇನೆ!” ಟೇಪು ಕತ್ತರಿಸಿ ಕೊಡಲು ಯಾರೂ ಇಲ್ಲದೆ ತಾನೇ ಕಚ್ಚಿದ, ಅದು ಹಲ್ಲಿಗೆ ಅಂಟಿಕೊಂಡಿತು. ಜೊತೆಗೆ ಸಂಘಕ್ಕೊಂದು ಪ್ರಸ್ತಾವ ಕಳಿಸಿದ: ತಪ್ಪಿತಸ್ಥನಿಗೆ ಒಂದು ತಿಂಗಳು ಒಗೆಯುವ ಕೋಣೆಗೆ ಪ್ರವೇಶ ನಿಷೇಧ.

ಭಾನುವಾರ ಮಧ್ಯಾಹ್ನ ಒಗೆಯುವ ಕೋಣೆಯಲ್ಲೇ ಸಭೆ ಸೇರಿತು. ಹನ್ನೊಂದು ಜನ, ಎರಡು ಫ್ಲಾಸ್ಕು. ಪ್ರಸ್ತಾವ ಸರ್ವಾನುಮತದಿಂದ ಪಾಸಾಯಿತು. “ಯಾರೇ ಆಗಿರಲಿ, ದಯೆ ತೋರಿಸಕೂಡದು. ಅದನ್ನೂ ಬರ್ಕೊಳ್ಳಿ,” ಎಂದ ಹೆಲ್ಗೆ. ಬರೆದುಕೊಂಡರು.

ಗುನ್‌ಹಿಲ್ಡ್ ಕನ್ನಡಕ ಏರಿಸಿ ಒಂದು ಪಟ್ಟಿ ತೆಗೆದಳು. “ಕಂಪ್ಯೂಟರ್ ಪ್ರಕಾರ ಎವಾಲ್ಡ್ ಏಪ್ರಿಲ್‌ನಿಂದ ಪ್ರತಿ ಗುರುವಾರ ಎರಡೆರಡು ಸಲ ಒಗೆದಿದ್ದಾನೆ. ಆಸ್ಪತ್ರೆಯಲ್ಲಿದ್ದಾಗಲೂ ಒಗೆದಿದ್ದಾನೆ. ತೀರಿಹೋದ ಮೇಲೆ ಐದು ಸಲ. ಹೆಲ್ಗೆ, ನೀನು ಮಾತ್ರ ಈಸ್ಟರ್ ಆದಮೇಲೆ ಒಂದು ಕರವಸ್ತ್ರನೂ ಒಗೆದಿಲ್ಲ.”

ಪಕ್ಕದಲ್ಲಿ ಕೂತಿದ್ದವರು ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರು.

“ಸುಳ್ಳು! ಪ್ರತಿ ವಾರ ಈ ಕೈಯಾರೆ ಒತ್ತೀನಿ!”

“ಈಗ ಒತ್ತು ನೋಡೋಣ. ನಾಳೆ ಒಂಬತ್ತು ಗಂಟೆಗೆ.”

ಹೆಲ್ಗೆ ಟ್ಯಾಬು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಒತ್ತಿದ. ಗೋಡೆಯ ಮೇಲೆ ಹಸಿರು ಅಕ್ಷರ ಮಿನುಗಿತು: “ಎವಾಲ್ಡ್, ಮೂರನೆಯ ಮಹಡಿ.”

ಗುನ್‌ಹಿಲ್ಡ್ ಕಾಫಿ ಲೋಟ ಕೆಳಗಿಟ್ಟಳು.

“ನಿನ್ನ ಟ್ಯಾಬಿನ ಮೇಲೆ ಬಲಗಡೆ ಮೂಲೇಲಿ ಏನಂತ ಇದೆ?” ಎಂದಳು ಗುನ್‌ಹಿಲ್ಡ್, ದನಿ ತಗ್ಗಿಸಿ.

“ಎವಾಲ್ಡ್ ಅಂತ. ಇರದೆ ಏನು? ಅವನ ಟ್ಯಾಬಲ್ವಾ? ಅವನ ಬಕೆಟ್ಟಿನ ಮೇಲೂ ಅವನ ಹೆಸರಿದೆ.”

“ಅದು ಸಾಮಾನಿನ ಮೇಲಿನ ಹೆಸರಲ್ಲ, ಹೆಲ್ಗೆ. ಒಳಗೆ ಯಾರಿದ್ದಾರೆ ಅಂತ. ನೀನು ಏಪ್ರಿಲ್‌ನಿಂದ ಎವಾಲ್ಡ್ ಆಗಿ ಒಳಗಿದ್ದೀಯ. ಲಾಗ್‌ಔಟ್ ಮಾಡೇ ಇಲ್ಲ.”

ಹೆಲ್ಗೆ ಹೆಂಡತಿಯ ಕಡೆ ತಿರುಗಿದ. ಮಾಯ್‌ಲಿಸ್ ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

“ನಿನಗೆ ಗೊತ್ತಿತ್ತಾ?”

“ಎರಡನೇ ವಾರವೇ. ಈ ಐದು ವಾರ ನಿನ್ನ ಅಂಗಿ ಯಾರು ಒಗೆದರು ಅಂದ್ಕೊಂಡೆ, ವೈರಸ್ಸಾ? ನೀನು ಬೈಕೊಂಡು ಮೇಲೆ ಬಂದು ಮಲಗ್ತಿದ್ದೆ, ನಾನು ಎವಾಲ್ಡನ ಸರದೀಲಿ ಒಗೀತಿದ್ದೆ.”

“ಹೇಳೋದಲ್ವಾ!”

“ಹೇಳಿದ್ರೆ ತೆಗೆದುಬಿಡ್ತಿದ್ರು. ಕೆಳಗೆ ಬಂದಾಗ ಆ ಹೆಸರು ಅಲ್ಲಿ ಇರೋದು ನನಗೆ ಇಷ್ಟವಾಗಿತ್ತು.”

ನಿಷೇಧದ ಬಗ್ಗೆ ಗುನ್‌ಹಿಲ್ಡ್ ದಾಖಲೆ ಓದಿದಳು: ದಯೆ ತೋರಿಸಕೂಡದು ಎಂದೇ ಬರೆದಿತ್ತು. ಶಿಕ್ಷೆ ಮನೆಗಲ್ಲ, ವ್ಯಕ್ತಿಗೆ ಮಾತ್ರ ಎಂದು ಮಾಯ್‌ಲಿಸ್ ಸ್ಪಷ್ಟೀಕರಣ ಪಡೆದುಕೊಂಡಳು. ಇನ್ನು ಉಳಿದದ್ದು ಹೊರಗೆ ಬರುವುದು. ಗುನ್‌ಹಿಲ್ಡ್ ಗುಂಡಿ ತೋರಿಸಿದಳು. ಹೆಲ್ಗೆಯ ಬೆರಳು ಅದರ ಮೇಲೆ ನಿಂತೇ ಇತ್ತು.

“ಗುರುವಾರದ ತನಕ ಇರಲಿ,” ಎಂದ. “ಈ ಪಾಠ ಗುರುವಾರಕ್ಕೆ ಅಂತ ಹೇಳಿದ್ದ.”

ಮಾಯ್‌ಲಿಸ್ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು, ಮೆತ್ತಗೆ ಒತ್ತಿದಳು. ಗೋಡೆಯ ಪರದೆಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಟ್ಯಾಬಿನ ಮೂಲೆ ಮಾತ್ರ ಖಾಲಿಯಾಯಿತು.

ಅವಳು ಕೈಚೀಲದಿಂದ ಏಪ್ರಿಲ್‌ನ ಲಕೋಟೆ ತೆಗೆದು ಅದರಲ್ಲಿದ್ದ ಸಂಖ್ಯೆ ಒತ್ತಿದಳು. ಮೂಲೆಯಲ್ಲಿ ‘ಹೆಲ್ಗೆ’ ಎಂದು ಮೂಡಿತು. ಕೆಳಗೆ ನೆರೆಹೊರೆಯವರ ಸಂದೇಶಗಳ ಡಬ್ಬಿಯಲ್ಲಿ ಓದದ ಪತ್ರ ಒಂದೇ ಒಂದು. ಕಳಿಸಿದವನು ಎವಾಲ್ಡ್; ತಾರೀಖು ಅವನು ಆಸ್ಪತ್ರೆ ಸೇರಿದ ಎರಡನೆಯ ವಾರದ್ದು.

“ಪಾಠ ಎಂಟು. ಇದನ್ನ ಓದ್ತಿದೀಯ ಅಂದ್ರೆ ಯಾರೋ ನಿನ್ನ ಹೊರಗೆ ಎಳೆದಿದ್ದಾರೆ, ಮಾಯ್‌ಲಿಸ್ ಇರಬೇಕು. ನೀನು ನನ್ನ ಹೆಸರಲ್ಲಿ ಕೂತಿದೀಯ ಅಂತ ಮೊದಲೇ ಗೊತ್ತಿತ್ತು. ಫೋನ್ ಮಾಡಿ ಹೇಳಬಹುದಿತ್ತು, ಹೇಳಲಿಲ್ಲ. ಗುರುವಾರ ನೀನು ಒತ್ತಿದ್ದು ಇಲ್ಲಿ ನನ್ನ ಫೋನಲ್ಲಿ ಹೊಡ್ಕೊಳ್ಳುತ್ತೆ: ನಿಮ್ಮ ಒಗೆಯುವ ಸಮಯಕ್ಕೆ ಇನ್ನು ಕಾಲು ಗಂಟೆ. ‘ನಾನು ಹೊರಟೆ, ನನ್ನ ಸರದಿ ಬಂತು’ ಅಂತ ನರ್ಸಿಗೆ ಹೇಳ್ತೀನಿ. ಅವಳು ನಗ್ತಾಳೆ. ಇನ್ನೊಂದು ವಿಷಯ. ಜಾಲರಿ ಕ್ಲೀನ್ ಮಾಡದೆ ಬಿಡ್ತಿದ್ದ ಕತ್ತೆ ನಾನೇ. ಮೊದಲನೇ ಸಲ ಮರೆತಿದ್ದೆ. ಆಮೇಲೆ ನಿನ್ನ ಚೀಟಿಗಳು ಅಷ್ಟು ಚೆನ್ನಾಗಿ ಬರ್ತಿದ್ವಲ್ಲ, ನಿಲ್ಲಿಸೋಕೆ ಮನಸ್ಸಾಗಲಿಲ್ಲ.”

“ಏನಂತೆ?” ಎಂದಳು ಗುನ್‌ಹಿಲ್ಡ್.

“ಪಾಠ,” ಎಂದ ಹೆಲ್ಗೆ. ಅವನ ಮುಖ ನಗುತ್ತಿದೆಯೋ ಅಳುತ್ತಿದೆಯೋ ತಿಳಿಯದೆ ಸಭೆ ಇನ್ನೊಂದು ಸುತ್ತು ಕಾಫಿ ಬಗ್ಗಿಸಿಕೊಂಡಿತು.

ಒಂದು ತಿಂಗಳು ಹೆಲ್ಗೆ ಬಚ್ಚಲ ತೊಟ್ಟಿಯ ಮುಂದೆ ಮಂಡಿಯೂರಿ ತನ್ನ ಅಂಗಿಗಳನ್ನು ತಾನೇ ಉಜ್ಜಿಕೊಂಡ. ಮಾಯ್‌ಲಿಸ್ ಬಾಗಿಲಿಗೊರಗಿ, “ಇನ್‌ಪುಟ್ ಆಯ್ತು, ಪ್ರೊಸೆಸರ್ ಸ್ವಲ್ಪ ಜೋರಾಗಿ ತಿರುಗಲಿ,” ಎನ್ನುತ್ತಿದ್ದಳು. ಶಿಕ್ಷೆ ಮುಗಿದ ಗುರುವಾರ ಕೆಳಗಿಳಿದು ನೋಡಿದ. ಹನ್ನೆರಡರ ಗೂಡಿನಲ್ಲಿ ‘ಹೆಲ್ಗೆ, ಒಂದನೆಯ ಮಹಡಿ’. ಮೂರರ ಗೂಡು ಖಾಲಿ. ಒಗೆದ, ಒಣಗಿಸಿದ, ಮಡಚಿದ, ಒಬ್ಬನೇ ಒಂದು ಬನ್ನು ತಿಂದ. ಡ್ರೈಯರಿನ ಜಾಲರಿಯನ್ನು ಎಳೆದು ನೋಡಿದ. ಬೂದು ಬಣ್ಣದ ಜುಂಗು ಹದವಾಗಿ ಕೂತಿತ್ತು. ಹಾಗೇ ಒಳಕ್ಕೆ ತಳ್ಳಿ ಬಂದುಬಿಟ್ಟ.

ಮರುದಿನ ಒಗೆಯುವ ಕೋಣೆಯ ಬಾಗಿಲ ಮೇಲೆ ಮಾಯ್‌ಲಿಸ್‌ಳ ದುಂಡು ಅಕ್ಷರದಲ್ಲಿ ಒಂದು ಚೀಟಿ ಇತ್ತು: “ಆತ್ಮೀಯ ನೆರೆಹೊರೆಯವರೇ! ಜಾಲರಿ ತಾನಾಗಿಯೇ ಶುದ್ಧವಾಗುವುದಿಲ್ಲ. ನಾಚಿಕೆಯಾಗಬೇಕು!”

ಹೆಲ್ಗೆ ಜೇಬಿನಿಂದ ಪೆನ್ನು ತೆಗೆದು ನಾಚಿಕೆಯ ಕೆಳಗೆ ಇನ್ನೊಂದು ಗೆರೆ ಎಳೆದ. ರಾತ್ರಿ ಊಟಕ್ಕೆ ಕೂತಾಗ, ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ತಟ್ಟೆಯಿಂದ ತಲೆಯೆತ್ತದೆ ಕೇಳಿದ:

“ಯಾರಿರಬಹುದು ಆ ಕತ್ತೆ?”