ತೋರುಬೆರಳಿನ ಧ್ಯಾನ

ಸಿಟ್ಟು ಎಲ್ಲಿರುತ್ತದೆ ಎಂದು ಕೇಳಿದರೆ ಬಹಳ ಜನ ಮೂಗಿನ ತುದಿ ಎನ್ನುತ್ತಾರೆ. ನನ್ನದು ಬಲಗೈ ತೋರುಬೆರಳಿನಲ್ಲಿದೆ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಮಗ್ಗಗಳ ಮೇಲ್ವಿಚಾರಣೆ ನನ್ನದು. ಆ ಗದ್ದಲದಲ್ಲಿ ಎಷ್ಟು ಬಾಯಿ ಬಡಿದುಕೊಂಡರೂ ಯಾರಿಗೂ ಕೇಳಿಸದು. ಬೆರಳೆತ್ತಿದರೆ ಮಾತ್ರ ಎಳೆ ಎಲ್ಲಿ ಕಡಿದಿದೆ ಎಂದು ತಿಳಿಯುತ್ತದೆ. ಪಾಳಿ ಮುಗಿದ ಮೇಲೆ ಆ ಬೆರಳನ್ನು ಗಿರಣಿಯಲ್ಲೇ ಬಿಟ್ಟು ಬರುವ ಹಾಗಿರಲಿಲ್ಲವಲ್ಲ! ಒಂದು ದಿನ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತು. ಮನೆಗೆ ಬಂದ ಬೀಗರೆದುರಿಗೇ ಬೆರಳಿನಿಂದ ಮೊದಲು ತಾಟು ತೋರಿಸಿದೆ, ಆಮೇಲೆ ಹೆಂಡತಿ ನೀಲವ್ವನನ್ನು. "ನಾನೂ ನಿಮ್ಮ ಗಿರಣಿ ಮಗ್ಗ ಏನ್ರಿ?" ಎಂದವಳು ಸಂಜೆಯ ಬಸ್ಸಿಗೆ ಟ್ರಂಕಿನ ಸಮೇತ ತವರು ಮೂಡಲಗಿಗೆ ಹೊರಟೇಬಿಟ್ಟಳು. "ಆ ಬೆರಳು ಮಡಚಾಕ ಕಲತ ಮ್ಯಾಲ ಕರಿಯಾಕ ಬರ್ರಿ!"

ನಾನೇ ಬಡಿದ ರೊಟ್ಟಿ ತಿಂದು ಹೊಟ್ಟೆ ಮುನಿಸಿಕೊಂಡಾಗ, ಹುಕ್ಕೇರಿಯಿಂದ ಬಂದಿದ್ದ ಯೋಗದ ಮಾಸ್ತರರ ಬಳಿ ಹೋಗಿ ಬೆರಳಿನ ಕಥೆ ಹೇಳಿಕೊಂಡೆ. ಅವರು ಹೆಬ್ಬೆರಳಿನ ತುದಿಗೆ ತೋರುಬೆರಳು ಕೂಡಿಸಿ ತೋರಿಸಿದರು. "ಇದು ಚಿನ್ಮುದ್ರೆ. ಹೆಬ್ಬೆರಳು ಪರಮಾತ್ಮ, ತೋರುಬೆರಳು ಜೀವ. ಉಳಿದ ಮೂರು ಸತ್ವ, ರಜ, ತಮ. ಜೀವ ಆ ಮೂರರಿಂದ ಸರದು, ಬಾಗಿ, ಹೆಬ್ಬೆರಳು ಕೂಡಬೇಕ್ರಿ." ಭಲೇ ಎನಿಸಿತು. ಇಡೀ ವೇದಾಂತವನ್ನು ಒಂದು ಅಂಗೈಯಲ್ಲಿ ಕೂರಿಸಿದ ಪುಣ್ಯಾತ್ಮ ಯಾರೋ! ಹೆಬ್ಬೆರಳನ್ನು ನೋಡಿ: ಗಿಡ್ಡ, ದಪ್ಪ, ಒಂದು ಬದಿಗೆ ಸುಮ್ಮನಿರುತ್ತದೆ, ಯಾರನ್ನೂ ದೂರುವುದಿಲ್ಲ. ಆದರೆ ಅದಿಲ್ಲದೆ ಉಳಿದ ನಾಲ್ಕು ಸೇರಿ ಒಂದು ತಂಬಿಗೆ ಎತ್ತಲಾರವು. ದೇವರ ಪಾತ್ರಕ್ಕೆ ಇದಕ್ಕಿಂತ ತಕ್ಕ ಬೆರಳು ಸಿಕ್ಕೀತೇ?

ನಾನೂ ಕೂತೆ. ಎಡಗೈ ಮಾತ್ರ ಮೊಣಕಾಲ ಮೇಲೆ ನಿಲ್ಲಲೊಲ್ಲದು. ಚಿಕ್ಕಂದಿನಿಂದ ಇಷ್ಟಲಿಂಗ ಹಿಡಿದು ಪೂಜೆ ಮಾಡಿದ ಕೈ. ಧ್ಯಾನ ಎಂದೊಡನೆ ಅಂಗೈ ತೆರೆದು ಎದೆಯ ಮಟ್ಟಕ್ಕೆ ತಾನಾಗಿ ಏರಿತು. ಮಾಸ್ತರರು ಇಳಿಸಿದರು. ಮತ್ತೆ ಏರಿತು. ಅವರು ನಕ್ಕು, "ಇರ್ಲಿ ಬಿಡ್ರಿ, ಆ ಕೈಗೆ ಹಾದಿ ಗೊತ್ತೈತಿ. ಬಲಗೈ ಅಷ್ಟ ಕಲೀಲಿ" ಎಂದರು.

ಬಲಗೈಯೂ ಕಲಿಯಿತೆಂದು ನಂಬಿ ಮೂಡಲಗಿಗೆ ಹೋದೆ. ಮಾವನವರೆದುರು ಕೂತು, ಮುದ್ರೆ ಹಾಕಿ, ಜೀವ ಹೇಗೆ ಬಾಗಬೇಕೆಂದು ವಿವರಿಸಿದೆ. "ಖರೆ ಐತಿ ನೋಡ್ರಿ" ಎಂದು ಅವರು ತಲೆದೂಗಿದರು. ನೀಲವ್ವ ಬಾಗಿಲಲ್ಲಿ ನಿಂತು ಕೇಳಿದಳು, ಆದರೆ ಟ್ರಂಕಿನ ಕಡೆ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. "ಇಷ್ಟೊತ್ತು ಹೇಳಾಕತ್ತೇನಿ, ನಿನಗ ತಿಳಿಯೂದಿಲ್ಲೇನು?" ಎಂದೆ. ನೋಡುತ್ತೇನೆ, ನನ್ನ ಜೀವ ನೆಟ್ಟಗೆ ಎದ್ದು ಅವಳನ್ನೇ ತೋರಿಸುತ್ತಿದೆ!

ಕೆಟ್ಟೆನಪ್ಪಾ ಎಂದುಕೊಂಡೆ. ಅವಳು ಹತ್ತಿರ ಬಂದು, ಆ ಬೆರಳು ಹಿಡಿದು, ಮೆಲ್ಲಗೆ ಬಾಗಿಸಿ ಹೆಬ್ಬೆರಳಿಗೆ ಕೂಡಿಸಿದಳು. "ಇದು ನಿಮ್ಮೊಬ್ಬರ ಕೈಲೆ ಆಗೂ ಕೆಲಸಲ್ಲ. ಏಳ್ರಿ, ಬಸ್ ತಪ್ಪತೈತಿ." ನನಗೆ ಕಣ್ಣು ತುಂಬಿ ಬಂತು.

ಅಂದಿನಿಂದ ಮನೆಯಲ್ಲಿ ಆ ಎರಡು ಬೆರಳು ಅಗಲದಂತೆ ನೋಡಿಕೊಳ್ಳಲು ಅವಳೇ ಒಂದು ಉಪಾಯ ಹುಡುಕಿದ್ದಾಳೆ: ನಡುವೆ ಪೆನ್ನು ಸಿಕ್ಕಿಸುವುದು. ನಾನು ಬರೆಯುವಷ್ಟು ಹೊತ್ತು ಮನೆ ಶಾಂತ. ಓದುವ ನಿಮಗೆ ತ್ರಾಸಾದರೆ ನನ್ನನ್ನು ಬೈಯಬೇಡಿ. ಈಗಲೂ ಒಳಗಿನಿಂದ "ಬರೀರಿ, ಇನ್ನಷ್ಟು ಬರೀರಿ" ಎನ್ನುತ್ತಿರುವವಳು ಅವಳು.