ಸಾರಜನಕದ ಟ್ಯಾಂಕಿನಲ್ಲಿ ಎರಡು ತೊಡೆಮೂಳೆ

ಬಿಷ್ಕೆಕ್‌ನ ನಮ್ಮ ರಕ್ತ ಸಂಶೋಧನಾ ಸಂಸ್ಥೆಯ ನಿಯಮಾವಳಿಯ ಪ್ರಕಾರ ಕಿರಿಯರು ಹಿರಿಯರಿಗೆ ಯಾವ ವಿಷಯವನ್ನೂ ತಾವಾಗಿ ತಿಳಿಸತಕ್ಕದ್ದಲ್ಲ. ಕೇಳಿದಾಗ ಮಾತ್ರ ತಿಳಿಸತಕ್ಕದ್ದು. ಈ ನಿಯಮ ರಕ್ತಕ್ಕೂ ಅನ್ವಯಿಸುತ್ತದೆ ಎಂಬುದು ಕಳೆದ ಮಾರ್ಚ್‌ವರೆಗೆ ನಮಗೆ ಗೊತ್ತಿರಲಿಲ್ಲ.

ನಮ್ಮ ವಿಜ್ಞಾನಿ ನುರ್ಜಾತ್ ಮೂಳೆಯೊಳಗಿನ ಮಜ್ಜೆಯನ್ನು ಅಭ್ಯಾಸ ಮಾಡುವವಳು. ರಕ್ತದ ಕಣಗಳು ಹುಟ್ಟುವುದು ಅಲ್ಲಿ. ಸಾಕಾದಾಗ "ನಿಲ್ಲಿಸು" ಎಂಬ ಸಂದೇಶ ಜೀವಕೋಶದ ಅಂಚಿನಿಂದ ಹೊರಟು, ಕೈಯಿಂದ ಕೈಗೆ ದಾಟಿ, ನಡುವಿನ ಕೇಂದ್ರವನ್ನು ಮುಟ್ಟುತ್ತದೆ. ಕೆಲವರಲ್ಲಿ ಅದು ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಣಗಳು ಹುಟ್ಟುತ್ತಲೇ ಹೋಗುತ್ತವೆ, ರೋಗಿ ಉಳಿಯುವುದಿಲ್ಲ. ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಹುಡುಕಲು ಅವಳು ನಲವತ್ತೊಂದು ರೋಗಿಗಳ ಕೋಶಗಳನ್ನು ದ್ರವ ಸಾರಜನಕದ ಟ್ಯಾಂಕಿನಲ್ಲಿಟ್ಟಿದ್ದಾಳೆ. ಅವರಲ್ಲಿ ಒಂಬತ್ತು ಮಂದಿ ಈಗಿಲ್ಲ. ಅವರಿಂದ ಇನ್ನೊಮ್ಮೆ ಪಡೆಯುವಂತಿಲ್ಲ.

ಟ್ಯಾಂಕ್ ನೋಡಿಕೊಳ್ಳುವವಳು ನಾನು. ಆ ಮಾರ್ಚ್‌ನ ಒಂದು ಸೋಮವಾರ ಅಳತೆಕೋಲು ಇಳಿಸಿ ನೋಡಿದೆ: ಸಾರಜನಕ ಶುಕ್ರವಾರದವರೆಗೆ ಮಾತ್ರ. ಹೊಸದು ತರಿಸಲು ಹಿರಿಯರ ಮಂಡಳಿಯ ರುಜು ಬೇಕು.

ಮಂಗಳವಾರ ಮಂಡಳಿ ಸೇರಿತು. ಎಪ್ಪತ್ತನಾಲ್ಕರ ನಿರ್ದೇಶಕ ತೆಮಿರ್ಕುಲ್ ಅವರು, ನಮಗೆಲ್ಲ ಅಕ್ಸಕಾಲ್ ಅಂದರೆ ಬಿಳಿಗಡ್ಡದ ಹಿರಿಯರು, ಸಂದೇಶದ ದಾರಿಗೆ ಬಾಣ ಹಾಕಿದ್ದ ನುರ್ಜಾತಳ ನಕ್ಷೆಯ ಮೇಲೆ ಬೆರಳಿಟ್ಟರು.

"ಈ ಸಂದೇಶ ಹೊರಡಿಸೋದು ಯಾರು?"

"ಅಂಚಿನಲ್ಲಿರೋ ಒಂದು ಪ್ರೋಟೀನು, ಅಕ್ಸಕಾಲ್."

"ಅಂಚು ಅಂದ್ರೆ ಬಾಗಿಲ ಹತ್ತಿರ. ಅಲ್ಲಿ ಕೂರೋರು ಕಿರಿಯರು. ಬಾಗಿಲಲ್ಲಿ ಕೂತವನು ಒಳಗೆ ಕೂತ ಹಿರಿಯನಿಗೆ ನಿಲ್ಲಿಸು ಅಂತಾನಾ?"

"ಆರೋಗ್ಯವಾಗಿರೋರ ರಕ್ತದಲ್ಲಿ ಹಾಗೇ."

"ಯಾರ ಮನೇಲಿ ಬೆಳೆದ ರಕ್ತ ಅದು? ಬಾಣಗಳನ್ನ ಒಳಗಿನಿಂದ ಅಂಚಿನ ಕಡೆಗೆ ತಿರುಗಿಸು ಮಗಳೇ. ಸಾರಜನಕ ತಗೊಂಡು ಹೋಗು."

"ತಿರುಗಿಸಲ್ಲ. ಬಾಣ ನನ್ನದಲ್ಲ, ರಕ್ತದ್ದು."

ಮಂಡಳಿ ಹದಿನೇಳನೆಯ ನಿರ್ಣಯವನ್ನು ಅಂಗೀಕರಿಸಿತು: "ಸಂದೇಹಾಸ್ಪದ ಸಂದೇಶವನ್ನು ಮಾಂಸದೂಟದ ಮೂಲಕ ಪರೀಕ್ಷಿಸತಕ್ಕದ್ದು." ರುಜು ಅದರ ನಂತರ; ಟ್ಯಾಂಕು ಎಂದಿನವರೆಗೆ ತಡೆಯುತ್ತದೆಂದು ಯಾರೂ ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಪರೀಕ್ಷೆ. ಹನ್ನೊಂದು ಸದಸ್ಯರು ವಯಸ್ಸಿನ ಪ್ರಕಾರ ಕೂತರು. ನಿರ್ದೇಶಕರು ಬಾಗಿಲಿಗೆ ಎದುರು, ಒಳಗಿನ ಗೌರವದ ಜಾಗದಲ್ಲಿ. ಎದೆಗೆ "ಕೋಶಕೇಂದ್ರ" ಎಂಬ ಚೀಟಿ. ಬಾಗಿಲಲ್ಲಿ ಐವತ್ತೆರಡರ ಉಲಾರ್ಬೆಕ್, ನಮ್ಮ ಅತ್ಯಂತ ಕಿರಿಯ ಸದಸ್ಯ. ಊಟ ಸಾಕೆನಿಸಿದಾಗ "ನಿಲ್ಲಿಸು" ಎಂದು ಪಕ್ಕದವರ ಮೂಲಕ ನಿರ್ದೇಶಕರವರೆಗೆ ಸಂದೇಶ ದಾಟಿಸುವುದು ಅವನ ಪಾಲಿನ ಕೆಲಸ.

ಬೆಂದ ಕುರಿಯ ಮಾಂಸವಿದ್ದ ಮೂಳೆಗಳನ್ನು ಯೋಗ್ಯತೆಯಂತೆ ಹಂಚಲಾಯಿತು, ತೊಡೆಮೂಳೆ ಹಿರಿಯರಿಬ್ಬರಿಗೆ. ಮೊದಲ ಕುರಿ ಮುಗಿಯಿತು. ಉಲಾರ್ಬೆಕ್ ಪಕ್ಕದವರ ಕಡೆ ವಾಲಿದ.

"ಸಾಕಲ್ವಾ, ಅಣ್ಣಾ? ಮುಂದೆ ಹೇಳಿ."

"ನನ್ನ ಕೇಳಿದ್ರಾ ಅವರು? ಕೇಳಿದಾಗ ಹೇಳ್ತೀನಿ. ಸುಮ್ನೆ ತಿನ್ನು."

ಒಳಗಿನಿಂದ ಸಾಕೆಂಬ ಮಾತು ಬಾರದ್ದರಿಂದ ಅಡುಗೆಮನೆ ಎರಡನೆಯ ಕುರಿ ಕಳಿಸಿತು. ಎದುರಿಗಿಟ್ಟದ್ದನ್ನು ಹಿರಿಯರಾದವರು ಬೇಡವೆನ್ನುವಂತಿಲ್ಲ; ತಿಂದರು. ಆದ್ದರಿಂದ ಮೂರನೆಯದೂ ಬಂತು. ಅದರ ನಡುವಿನಲ್ಲಿ ಏಳು ಸದಸ್ಯರು ದಿಂಬಿಗೆ ಒರಗಿದ್ದರು, ನಾಲ್ವರು ನೆಲಕ್ಕೆ.

ನುರ್ಜಾತ್ ಟಿಪ್ಪಣಿ ಪುಸ್ತಕ ಹಿಡಿದು ನಿಂತಿದ್ದಳು. "ಅಕ್ಸಕಾಲ್, ಇದೇ ಆ ರೋಗ."

"ಇದು ರೋಗ ಅಲ್ಲಮ್ಮ," ನಿರ್ದೇಶಕರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ಮರ್ಯಾದೆ."

ಆಮೇಲೆ ಒಂದು ತೊಡಕಾಯಿತು. ನಮ್ಮ ಪದ್ಧತಿಯಂತೆ ಹಿರಿಯ ಅತಿಥಿಯ ಪಾಲಿನ ತೊಡೆಮೂಳೆ ಅವರ ಜೊತೆಗೇ ಮನೆಗೆ ಹೋಗಬೇಕು. ಆದರೆ ಅತಿಥಿಗಳೇ ಏಳುವ ಸ್ಥಿತಿಯಲ್ಲಿರಲಿಲ್ಲ. ಪಾಲು ಕೆಟ್ಟರೆ ಮನೆತನಕ್ಕೇ ಅವಮಾನ.

"ಬುರುಲ್, ಇದನ್ನ ಕೆಡದ ಹಾಗೆ ಎಲ್ಲಿಡೋದು?" ಎಂದು ನಿರ್ದೇಶಕರು ನನ್ನನ್ನು ಕೇಳಿದರು.

ಕೇಳಿದರು. ನಿಯಮದ ಪ್ರಕಾರ ಈಗ ಹೇಳಬಹುದಿತ್ತು.

"ನುರ್ಜಾತಳ ಟ್ಯಾಂಕಿನಲ್ಲಿ. ಆದ್ರೆ ನಾಳೆಗೆ ಅದು ಬೆಚ್ಚಗಾಗುತ್ತೆ."

"ಯಾಕೆ?"

"ಸಾರಜನಕ ಇಲ್ಲ."

ಅವರು ಮಲಗಿದಲ್ಲೇ ಪೆನ್ನಿಗೆ ಕೈಚಾಚಿದರು.

ಶುಕ್ರವಾರ ಬೆಳಿಗ್ಗೆ ಸಾರಜನಕ ಬಂತು; ಹಿರಿಯರಿಬ್ಬರ ತೊಡೆಮೂಳೆಗಳು ಕೋಶಗಳ ಪಕ್ಕಕ್ಕೆ ಇಳಿದವು. ಆದೇಶ ಹೀಗಿದೆ: "ಹಿರಿಯರ ಪಾಲಿನ ರಕ್ಷಣೆಗಾಗಿ, ಶಾಶ್ವತವಾಗಿ." ಹದಿನೆಂಟನೆಯ ನಿರ್ಣಯದ ಮೂಲಕ ಆರೋಗ್ಯವಂತರ ರಕ್ತಕ್ಕೆ ಅಶಿಸ್ತಿಗಾಗಿ ಎಚ್ಚರಿಕೆ ನೀಡಲಾಗಿದೆ. ಆ ಪ್ರಕಟಣೆ ಪಡಸಾಲೆಯಲ್ಲಿದೆ. ರಕ್ತ ಕೊಡಲು ಬಂದವರು ಅದನ್ನು ಓದಿ, ಕ್ಷಮೆ ಕೇಳಿ, ಅಂಗಿಯ ತೋಳು ಮಡಚುತ್ತಾರೆ.

ಸಂದೇಶ ಸಿಕ್ಕಿಕೊಳ್ಳುವ ಜಾಗ ನುರ್ಜಾತಳಿಗೆ ಆಗಸ್ಟ್‌ನಲ್ಲಿ ಸಿಕ್ಕಿತು. ಅಂಚಿನಿಂದ ಎರಡನೆಯ ಕೈ. ಉಲಾರ್ಬೆಕ್‌ನ ಪಕ್ಕದವರು ಕೂತಿದ್ದ ಜಾಗ. ಈಗ ಅದನ್ನು ಬಿಡಿಸುವ ಔಷಧಿ ಹುಡುಕುತ್ತಿದ್ದಾಳೆ.

ಪ್ರತಿ ಸೋಮವಾರ ನಿರ್ದೇಶಕರು ಟ್ಯಾಂಕಿನ ಬಳಿ ಬಂದು, "ನನ್ನ ಮೂಳೆ ಹೇಗಿದೆ?" ಎನ್ನುತ್ತಾರೆ.

"ಚೆನ್ನಾಗಿದೆ, ಅಕ್ಸಕಾಲ್."

ಕೋಶಗಳ ಬಗ್ಗೆ ಅವರು ಕೇಳುವುದಿಲ್ಲ. ಕೇಳದ್ದರಿಂದ ನಾವೂ ಹೇಳುವುದಿಲ್ಲ.